ಮೆತ್ತಗಾದ ಕಡಕ್ ರೊಟ್ಟಿ

ಊರು ಬಿಡಲೋ ಬೇಡವೋ ಎಂದು ತಲೆ ಕೆಡಿಸಿಕೊಂಡಿರುವವರು ಇದನ್ನು ಈಗಲೇ ಓದಿ... ಉಳಿದವರು ಊಟ ಮುಗಿಸಿ ಓದಿ, ಇಲ್ಲದಿದ್ದರೆ ಹೊಟ್ಟೆ ಚುರುಗುಟ್ಟುತ್ತದೆ!

ನಮ್ಮದು ಮಂಗಳೂರು. ನಮ್ಮ ಬೀದಿಗೆ ಹೊಸದಾಗಿ ಬಂದವರು ದಾನಮ್ಮ. ವಿಜಯಪುರದ ಕಡೆಯ ಮುದ್ದೇಬಿಹಾಳದವರು.

ಗಂಡ ತೀರಿಕೊಂಡ ಮೇಲೆ ಅಲ್ಲಿ ಒಂದು ಬಾಡಿಗೆ ಅಂಗಡಿಯಲ್ಲಿ ಜೋಳದ ರೊಟ್ಟಿ ಮಾಡಿ ಮಾರಿ, ಮಗಳು ಭಾಗ್ಯಶ್ರೀಯನ್ನು ನರ್ಸಿಂಗ್ ಓದಿಸಿದ ಗಟ್ಟಿಗಿತ್ತಿ.

ಮಗಳಿಗೆ ಇಲ್ಲಿಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. "ಅವ್ವಾ, ನೀನೂ ಬಂದ್ಬಿಡು" ಎಂದಳು.

ಬಂದರು... ಆದರೆ ಮನಸ್ಸು ಇನ್ನೂ ಊರಲ್ಲೇ ಇತ್ತು.

"ಮಗಳ ಪಗಾರದಾಗ ಕೂತು ಉಣ್ಣಾಕಿ ಅಲ್ರೀ ನಾನು," ಎಂದು ನನಗೇ ಒಮ್ಮೆ ಹೇಳಿದ್ದರು. "ಇಲ್ಲಿ ನನ್ನ ರೊಟ್ಟಿ ನಡೀತಂದ್ರ ಇರ್ತೀನಿ. ಇಲ್ಲಂದ್ರ ನಮ್ಮೂರ ಬಸ್ ಹತ್ತೂದು."

ಊರಿನ ಅಂಗಡಿ ಮಾಲೀಕರು ಭಾನುವಾರದವರೆಗೆ ಕಾಯುತ್ತೇನೆ ಎಂದಿದ್ದರು. ಆಮೇಲೆ ಅದು ಬೇರೆಯವರ ಪಾಲು.

ಅದೇ ಭಾನುವಾರ ನಮ್ಮ ಮಹಿಳಾ ಮಂಡಳಿಯ ವಾರ್ಷಿಕೋತ್ಸವ. ನಮ್ಮ ಅಧ್ಯಕ್ಷೆ ವಿನೋದಕ್ಕನಿಗೆ ಹೊಸತು ಏನಾದರೂ ಮಾಡದಿದ್ದರೆ ನಿದ್ದೆ ಬರುವುದಿಲ್ಲ.

"ಪ್ರತಿ ವರ್ಷ ನೀರುದೋಸೆಯೇ ಎಂತಕ್ಕೆ? ಈ ಸಲ ದಾನಮ್ಮನ ರೊಟ್ಟಿ ಆಗ್ಲಿ!" ಎಂದು ಆರ್ಡರ್ ಕೊಟ್ಟೇಬಿಟ್ಟರು.

ದಾನಮ್ಮ ಎರಡು ದಿನ ಮೊದಲೇ ಕೂತರು. ತೆಳ್ಳಗೆ ಬಡಿದು, ಬೇಯಿಸಿ, ಒಲೆಯ ಬಿಸಿಗೆ ಒಣಗಿಸಿ ಕಡಕ್ ರೊಟ್ಟಿ ಮಾಡಿದರು. ತಮ್ಮೂರಿನ ಪದ್ಧತಿಯಂತೆ ಬಿಳಿ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿ ಒಟ್ಟಿದರು.

ಅಲ್ಲಿ ಹಾಗಿಟ್ಟರೆ ತಿಂಗಳಾದರೂ ರೊಟ್ಟಿ ಗರಿಗರಿಯಾಗಿಯೇ ಇರುತ್ತದಂತೆ.

ಆದರೆ ಇದು ಮಂಗಳೂರು ಸ್ವಾಮೀ... ಅದೂ ಜೂನ್ ತಿಂಗಳು!

ಊಟದ ಹೊತ್ತಿಗೆ ಹಾಲ್‌ನಲ್ಲಿ ಬುಟ್ಟಿ ಬಿಚ್ಚಿದರು. ಮೇಲಿನ ರೊಟ್ಟಿ ಎತ್ತಿದರೆ... ಒದ್ದೆ ಟವೆಲಿನ ಹಾಗೆ ಜೋತುಬಿತ್ತು.

ಎರಡನೆಯದು ತೆಗೆದರು... ಅದೂ ಹಾಗೇ. ಬುಟ್ಟಿಯ ತಳದವರೆಗೂ ಅದೇ ಕಥೆ.

ಹಿಂದಿನ ಸಾಲಿನಿಂದ ಯಾರೋ "ಇದು ರೊಟ್ಟಿಯಾ, ಕರ್ಚೀಫಾ?" ಎಂದರು. ನಾಲ್ಕು ಜನ ಕಿಸಕ್ಕನೆ ನಕ್ಕರು. ನನಗಂತೂ ಮೈಯೆಲ್ಲಾ ಉರಿಯಿತು.

ದಾನಮ್ಮನ ಮುಖ ಇಷ್ಟೇ ಇಷ್ಟಾಯಿತು. "ನನ್ನ ಕೈಯಾಗ ಹಿಂಗ ಒಮ್ಮಿನೂ ಆಗಿಲ್ರೀ..." ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಭಾಗ್ಯಶ್ರೀ ಅಮ್ಮನ ಕೈ ಹಿಡಿದಳು. "ನಡಿ ಅವ್ವಾ, ಮನಿಗಿ ಹೋಗೂಣು. ನೀ ಊರಿಗೆ ಹೋಗ್ತೀನಂದ್ರೂ ನಾ ಬ್ಯಾಡ ಅನ್ನಂಗಿಲ್ಲ."

ವಿನೋದಕ್ಕ ಒಂದು ತುಂಡು ಮುರಿಯಲು ನೋಡಿದರು, ಮುರಿಯಲಿಲ್ಲ. ಹರಿದು ಬಾಯಿಗೆ ಹಾಕಿಕೊಂಡರು.

"ಅಯ್ಯೋ ಮಾರಾಯ್ತಿ! ರುಚಿ ಎಂತ ಕಮ್ಮಿ ಆಗ್ಲಿಲ್ಲ. ಇಲ್ಲಿ ಮಳೆಗಾಲದಲ್ಲಿ ಹಪ್ಪಳ ಹೊರಗೆ ಇಟ್ರೂ ಹೀಗೇ ಆಗೂದು. ನಿಮ್ಮ ಕೈದು ತಪ್ಪಲ್ಲ, ನಮ್ಮೂರಿನ ಗಾಳಿದು!"

ದಾನಮ್ಮ ಆ ಬುಟ್ಟಿಯನ್ನೇ ನೋಡಿದರು... ಅದನ್ನು ಬದಿಗೆ ಸರಿಸಿದರು.

ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಭಾಗ್ಯಾ, ಮನ್ಯಾಗಿನ ಹಿಟ್ಟಿನ ಡಬ್ಬಿ ತೊಗೊಂಬಾ, ಹಂಚೂ ತಾ. ವಿನೋದಕ್ಕಾರ, ನಿಮ್ಮ ಒಲಿ ಎಲ್ಲೈತ್ರಿ?"

ಬಿಸಿನೀರಿಗೆ ಹಿಟ್ಟು ಸುರಿದು ನಾದಿದರು. ಅಡುಗೆಕೋಣೆಯಿಂದ ಟಪ್... ಟಪ್... ಟಪ್... ಎಂದು ರೊಟ್ಟಿ ಬಡಿಯುವ ಸದ್ದು ಶುರುವಾಯಿತು.

ಹಂಚಿನ ಮೇಲೆ ಮೊದಲ ರೊಟ್ಟಿ ಪೂರಿಯಂತೆ ಉಬ್ಬಿತು. ಕರ್ಚೀಫ್ ಎಂದವರೇ ಮೊದಲು ತಟ್ಟೆ ಹಿಡಿದು ಬಂದರು! ನಾನು ಬೇಕೆಂದೇ ಅವರನ್ನು ಸಾಲಿನ ಕೊನೆಗೆ ಕಳಿಸಿದೆ.

ಅಷ್ಟರಲ್ಲಿ ಹಿಂಬಾಗಿಲಲ್ಲಿ ಯಾರೋ ನಿಂತಂತಾಯಿತು.

ಹಾಲ್‌ನ ಹಿಂದೆ ಕಟ್ಟಡದ ಕೆಲಸದವರ ಶೆಡ್‌ಗಳಿವೆ. ಅಲ್ಲಿಂದ ಒಬ್ಬ ಗಾರೆ ಕೆಲಸದವನು, ಅವನ ಹೆಂಡತಿ, ಅವರ ಹಿಂದೆ ಇನ್ನೂ ಕೆಲವರು... ಒಳಗೆ ಬರಲು ಸಂಕೋಚ.

"ಯಾರವ್ವಾ ರೊಟ್ಟಿ ಬಡಿಯಾಕತ್ತಿದ್ದು? ಯಾವೂರ ನಿಮ್ಮದು?"

"ಮುದ್ದೇಬಿಹಾಳರಿ."

ಆ ಮನುಷ್ಯ ಬಾಗಿಲ ಚೌಕಟ್ಟು ಹಿಡಿದು ಒಳಗೆ ಇಣುಕಿದ. "ನಮ್ಮದು ತಾಳಿಕೋಟಿರಿ... ಈ ಸಪ್ಪಳಾ ಕೇಳಿ, ನಮ್ಮವ್ವನೇ ಬಂದು ಕೂತಾಳೇನೋ ಅನಿಸ್ತು ನೋಡ್ರಿ."

ನಾನಂತೂ ಅತ್ತುಬಿಟ್ಟೆ... ಹೇಳಲು ನಾಚಿಕೆ ಯಾಕೆ?

ದಾನಮ್ಮ ಹಂಚಿನ ಮೇಲಿದ್ದ ಬಿಸಿ ರೊಟ್ಟಿ ತೆಗೆದು ಅವನ ಕೈಗಿಟ್ಟರು. "ಹೊರಗ್ಯಾಕ ನಿಂತೀರಿ? ಒಳಗ ಬರ್ರಿ, ಉಣ್ರಿ."

ವಿನೋದಕ್ಕ ಓಡಿಹೋಗಿ ತಾವೇ ಅವರಿಗೆಲ್ಲ ತಟ್ಟೆ ಹಾಕಿದರು.

ಆ ದಿನ ರೊಟ್ಟಿಗೆಂದು ದಾನಮ್ಮ ಮಾಡಿದ್ದ ಬದನೆಕಾಯಿ ಎಣ್ಣೆಗಾಯಿ ಪಲ್ಯವೂ ಖಾಲಿ, ನಮ್ಮ ಕೋಳಿ ಸುಕ್ಕವೂ ಖಾಲಿ. ರೊಟ್ಟಿಗೆ ಸುಕ್ಕ ನೆಂಚಿಕೊಂಡು ತಿನ್ನುವವರನ್ನು ನೋಡಿ ದಾನಮ್ಮ "ಶಿವಶಿವಾ, ಅದು ನಿಮಗ ಇರ್ಲಿ" ಎಂದು ಬಿದ್ದು ಬಿದ್ದು ನಕ್ಕರು.

ಎಲ್ಲ ಮುಗಿದ ಮೇಲೆ, ಹಿಟ್ಟಿನ ಕೈ ತೊಳೆಯದೇ ಮಗಳಿಂದ ಊರಿನ ಅಂಗಡಿ ಮಾಲೀಕರಿಗೆ ಫೋನ್ ಹಚ್ಚಿಸಿದರು.

"ಅಣ್ಣಾರ, ಅಂಗಡಿ ಬ್ಯಾರೆದವ್ರಿಗೆ ಕೊಡ್ರಿ... ಇಲ್ಲಿ ಮಂದಿ ಉಣ್ಣಾಕ ಕಾಯಾಕತ್ತಾರ!"

ಭಾಗ್ಯಶ್ರೀ ಅಮ್ಮನನ್ನು ಅಲ್ಲೇ ಅಪ್ಪಿಕೊಂಡಳು. ಅವಳ ಹೊಸ ಚೂಡಿದಾರದ ಬೆನ್ನಿನ ಮೇಲೆಲ್ಲ ಹಿಟ್ಟು!

ಈಗ ನಮ್ಮ ಬೀದಿಯ ತಿರುವಿನಲ್ಲಿ ದಾನಮ್ಮನ ಅಂಗಡಿ ಇದೆ. ಕಡಕ್ ರೊಟ್ಟಿ ಇಲ್ಲ, ಬಿಸಿ ರೊಟ್ಟಿ ಮಾತ್ರ. ಮಧ್ಯಾಹ್ನ ಹೋದರೆ ನಿಲ್ಲಲು ಜಾಗ ಸಿಗುವುದಿಲ್ಲ, ನನಗೂ ರಿಯಾಯಿತಿ ಇಲ್ಲ.

ಹೊಸ ಊರು ನಮ್ಮನ್ನು ದೂರ ತಳ್ಳುವುದಿಲ್ಲ... ನಿನ್ನೆಯದನ್ನು ಬದಿಗಿಟ್ಟು ಇವತ್ತು ಬಿಸಿಯಾಗಿ ಮಾಡಿ ಬಡಿಸು ಎಂದು ಕೇಳುತ್ತದೆ, ಅಷ್ಟೇ.

ನಿಜ ಹೇಳಿ... ನೀವು ಹೆದರುತ್ತಿರುವುದು ಹೊಸ ಊರಿಗೋ, ಅಥವಾ ಇನ್ನೊಮ್ಮೆ ಮೊದಲಿನಿಂದ ಒಲೆ ಹಚ್ಚುವುದಕ್ಕೋ?