ಉಪ್ಪಿಲ್ಲದ ನೇಮ

ಕೇರುತ್ತಿದ್ದ ಮೊರ ಕೈಯಿಂದ ಜಾರಿ, ಜೋಳವೆಲ್ಲ ಪಡಸಾಲೆಯ ತುಂಬ ಚೆಲ್ಲಿತು. ಸಕ್ಕುಬಾಯಿ ಕಂಬ ಹಿಡಿಯಲೆಂದು ಕೈ ಚಾಚಿದಳು, ಕಂಬ ಸಿಗಲಿಲ್ಲ. ಅದೇ ಹೊತ್ತಿಗೆ ಊಟಕ್ಕೆಂದು ಹೊಲದಿಂದ ಬಂದ ಗಂಡ ಬಂಡೆಪ್ಪ ಓಡಿ ಬಂದು, ಬೀಳುತ್ತಿದ್ದವಳನ್ನು ಹಿಡಿದು ಗೋಡೆಗೆ ಆನಿಸಿ ಕೂಡಿಸಿದ. ಬೀಳುವವರನ್ನು ಅವನು ಹಿಡಿದದ್ದು ಜನ್ಮದಲ್ಲಿ ಇದೇ ಮೊದಲು. ಇಷ್ಟು ವರ್ಷ ಬೀಳುವ ಕೆಲಸ ಅವನದು, ಹಿಡಿಯುವ ಕೆಲಸ ಊರವರದು.

ಸಕ್ಕುಬಾಯಿಗೆ ಇದೊಂದೂ ಗೊತ್ತಿರಲಿಲ್ಲ. ಬಂಡೆಪ್ಪನಿಗೆ ಮೂರ್ಛೆರೋಗವಿತ್ತು. ಆ ಸುದ್ದಿ ಕಿವಿಗೆ ಬಿದ್ದು ಹಿಂದೆ ಎರಡು ಸಂಬಂಧ ಮುರಿದಿದ್ದವು. ಅದಕ್ಕೇ ಅವನ ತಾಯಿ ಅಕ್ಕನಾಗಮ್ಮ ಅಕ್ಕಲಕೋಟೆಯ ಸುತ್ತಮುತ್ತ ಹೆಣ್ಣು ನೋಡುವುದನ್ನೇ ಬಿಟ್ಟು, ದೂರದ ಮಂಗಳವೇಢೆಯಿಂದ ಸೊಸೆ ತಂದಳು. ಬೀಗರಿಗೆ ವಿಷಯ ತಿಳಿಸಲಿಲ್ಲ. ಸೊಲ್ಲಾಪುರದ ಡಾಕ್ಟರು ಕೊಟ್ಟ ಔಷಧ ಶುರುವಾದ ಮೇಲೆ ಮಗ ಬಿದ್ದಿರಲಿಲ್ಲ. ಆದರೆ ಡಾಕ್ಟರು ಔಷಧದ ಜೊತೆಗೆ ಉಪ್ಪು ಬಿಡಿಸಿದ್ದರು. ಗಂಡನೊಬ್ಬನಿಗೇ ಯಾಕೆ ಸಪ್ಪನೆಯ ಪಲ್ಯ ಎಂದು ಹೊಸ ಸೊಸೆ ಕೇಳಿದಾಗ ಅಕ್ಕನಾಗಮ್ಮ ಹಿಂದೆಮುಂದೆ ನೋಡದೆ, "ಸಿದ್ರಾಮೇಶ್ವರನ ನೇಮ ಹಿಡದಾನ, ಉಪ್ಪು ಮುಟ್ಟಂಗಿಲ್ಲ" ಎಂದುಬಿಟ್ಟಳು.

ಸುಳ್ಳು ಚೆನ್ನಾಗಿಯೇ ಇತ್ತು. ಸೊಸೆ ಒಳ್ಳೆಯವಳಾದದ್ದೇ ಫಜೀತಿಯಾಯಿತು. ಗಂಡನ ನೇಮ ತನ್ನದೂ ಹೌದೆಂದು ಅವತ್ತಿನಿಂದಲೇ ಅವಳೂ ಉಪ್ಪು ಬಿಟ್ಟಳು. "ನಿನಗ ಬ್ಯಾಡವ್ವಾ" ಎಂದು ಅತ್ತೆ ಹೇಳಿದಷ್ಟೂ ಅವಳ ಭಕ್ತಿ ಹೆಚ್ಚಾಯಿತು. ಮೇಲೆ ಚೈತ್ರದ ಬಿಸಿಲು, ಮೈಯೆಲ್ಲ ಬೆವರು, ಹೊಟ್ಟೆಗೆ ಸಪ್ಪನೆಯ ರೊಟ್ಟಿ. ಕಣ್ಣು ಕತ್ತಲೆಗಟ್ಟದೆ ಇನ್ನೇನಾದೀತು?

"ಕಣ್ಣ ತಗಿ, ಇಲ್ಲಿ ನೋಡು," ಎಂದು ಬಂಡೆಪ್ಪ ನೀರು ಕುಡಿಸಿದ.

"ಏನಿಲ್ರಿ, ಚಕ್ಕರ ಬಂತು. ಸಪ್ಪನ ಕೂಳು ಗಂಟಲದಾಗ ಇಳೀವಲ್ದು. ನೇಮ ಇನ್ನ ಎಷ್ಟ ದಿನ ಅದರಿ?"

ಬಂಡೆಪ್ಪ ಬಾಗಿಲ ಕಡೆ ನೋಡಿದ. ತಾಯಿ ಗುಡಿಗೆ ಹೋಗಿದ್ದಳು. ನಿಜ ಹೇಳಿದರೆ ನಾಳೆಯೇ ಮಂಗಳವೇಢೆಯಿಂದ ಗಾಡಿ ಬಂದು ಇವಳನ್ನು ಕರೆದೊಯ್ಯುತ್ತದೆ. ಹೇಳದಿದ್ದರೆ ಇವಳು ಹೀಗೇ ಸೊರಗುತ್ತಾಳೆ. ಮದುವೆಯಾಗಿ ತಿಂಗಳು ತುಂಬುವುದರೊಳಗೆ ಅವನು ಅವಳ ಮೇಲೆ ಜೀವ ಇಟ್ಟುಕೊಂಡು ಕೂತಿದ್ದ. ಅದಕ್ಕೇ ಹೇಳಿದ.

"ನೇಮ ಇಲ್ಲ, ಏನಿಲ್ಲ. ನನಗ ಮೂರ್ಛಿ ಬ್ಯಾನಿ ಅದ."

ಒಳಗೆ ಹೋಗಿ, ಕೌದಿಗಳ ನಡುವೆ ಮುಚ್ಚಿಟ್ಟಿದ್ದ ಔಷಧದ ಬಾಟಲಿ ತಂದು ಅವಳ ಮುಂದಿಟ್ಟ. ಬಾಯಿ ಬಿಟ್ಟ ಮೇಲೆ ಅವನಿಗೆ ನಿಲ್ಲಿಸಲಾಗಲಿಲ್ಲ. "ಸಣ್ಣಾಂವಿದ್ದಾಗಿಂದ ಬೀಳ್ತೀನಿ. ಮಂದಿ ಉಳ್ಳಾಗಡ್ಡಿ ಮೂಸಿಸ್ಯಾರ, ಮೂಗಿಗಿ ಕೆರವ ಹಿಡದಾರ, ಕಬ್ಬಿಣ ಕಾಸಿ ಬರಿ ಕೊಟ್ಟಾರ. ಹತ್ತಿದ್ದು ಇದೊಂದ ಔಷಧ. ಉಪ್ಪು ತಿಂದ್ರ ಇದು ಮೈಯಾಗ ನಿಲ್ಲಂಗಿಲ್ಲಂತ. ವಿಲಾಯತಿಯಿಂದ ಹೊಸಾ ಗುಳಗಿ ಬಂದದಂತ, ಅದಕ್ಕ ಉಪ್ಪಿನ ತಕರಾರ ಇಲ್ಲಂತ. ಬರ್ರಿ, ಕೊಟ್ಟು ನೋಡೂಣು ಅಂದಾರ ಡಾಕ್ಟರು. ಹೋದ್ರ ನಿನಗ ಗೊತ್ತಾದೀತಂತ ಅವ್ವ ಕಳಸವಲ್ಲಳು."

ಸಕ್ಕುಬಾಯಿ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು.

"ಬಿದ್ದಾಗ ನಾ ಏನ್ ಮಾಡಬೇಕರಿ?"

ಬಂಡೆಪ್ಪ ಅವಳ ಮುಖವನ್ನೇ ನೋಡಿದ. ಯಾಕೆ ಬೀಳುತ್ತಾನೆ, ಯಾರ ಶಾಪ, ಯಾವ ಗಾಳಿ ಎಂದು ಊರೆಲ್ಲ ಕೇಳಿತ್ತು. ಹೀಗೆ ಯಾರೂ ಕೇಳಿರಲಿಲ್ಲ.

"ಮಗ್ಗಲಾಗಿ ಮಲಗಸಬೇಕು. ಬಾಯಾಗ ಏನೂ ತುರಕಬಾರದು. ಎಚ್ಚರ ಆಗೂ ತನಕ ಬಾಜೂಕ ಕುಂದರಬೇಕು. ಅಷ್ಟ."

"ಕುಂದರೂದು ನನಗ ಬರ್ತದ," ಎಂದಳು. ಆಮೇಲೆ ಹುಬ್ಬು ಗಂಟು ಹಾಕಿದಳು. "ಆದ್ರ ಮದಿವಿಗಿ ಮೊದಲ ಹೇಳಬೇಕಾಗಿತ್ತು."

"ಹೌದು."

"ನನಗ ಭಾಳ ಸಿಟ್ಟ ಬಂದದ."

"ಬರ್ಲಿ. ಬೈ."

"ಉಂಡು ಬೈತೀನಿ. ಈಗ ಹಸಿವ್ಯಾಗೇದ."

ಎದ್ದು ಅಡುಗೆಮನೆಗೆ ಹೋದವಳು ರೊಟ್ಟಿ ತಂದಳು, ಉಪ್ಪುಖಾರದ ಶೇಂಗಾ ಹಿಂಡಿ ತಂದಳು, ಮಾವಿನ ಉಪ್ಪಿನಕಾಯಿಯ ಭರಣಿಯನ್ನೇ ಎತ್ತಿ ತಂದಳು. ಗಂಡನ ಸಪ್ಪನೆಯ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ ಅವನ ಮುಂದೆ ಸರಿಸಿದಳು. "ದೇವರ ನೇಮ ಇದ್ರ ಇಬ್ಬರಿಗೂ ಬರ್ತಿತ್ತು. ಡಾಕ್ಟರ ಪಥ್ಯ ನಿಮಗೊಬ್ಬರಿಗೇ!" ಎಂದು ಉಪ್ಪಿನಕಾಯಿಯ ದೊಡ್ಡ ಹೋಳೊಂದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಆ ಮುಖ ನೋಡಿ ಬಂಡೆಪ್ಪನಿಗೆ ನಗು ತಡೆಯಲಾಗಲಿಲ್ಲ. ಅವಳಿಗೂ ತಡೆಯಲಾಗಲಿಲ್ಲ. ಗುಳಗಿ ಕೇಳಲು ಸೋಮವಾರದ ರೈಲಿಗೆ ಸೊಲ್ಲಾಪುರಕ್ಕೆ ಹೋಗುವುದು, ಇಬ್ಬರೂ ಕೂಡಿಯೇ ಹೋಗುವುದು ಎಂದು ಅಲ್ಲೇ ತಾಟಿನ ಮುಂದೆ ನಿಶ್ಚಯವಾಯಿತು.

ಗುಡಿಯಿಂದ ಬಂದ ಅಕ್ಕನಾಗಮ್ಮ ಹೊಸ್ತಿಲಲ್ಲೇ ನಿಂತಳು.

"ಅಯ್ಯ ನನ್ನ ಶಿವನ! ಹಿಂಡಿ ತಿನ್ನಾಕತ್ತಿಯಲ್ಲ, ನೇಮ ಕೆಡ್ತಲ್ಲೇ!" ಎಂದು ಕೂಗಿದವಳ ಕಣ್ಣು ಇಬ್ಬರ ನಡುವೆ ಇದ್ದ ಬಾಟಲಿಯ ಮೇಲೆ ಬಿತ್ತು. ಕೈಯಲ್ಲಿದ್ದ ಪೂಜೆಯ ತಟ್ಟೆಯನ್ನು ಎದೆಗೆ ಅವಚಿಕೊಂಡಳು. ಮಗನ ಮುಖವನ್ನೂ ಸೊಸೆಯ ಮುಖವನ್ನೂ ನೋಡುವ ಧೈರ್ಯ ಅವಳಿಗೆ ಬರಲಿಲ್ಲ.

ಸಕ್ಕುಬಾಯಿ ಎದ್ದು ಆ ತಟ್ಟೆ ಇಸಿದುಕೊಂಡಳು. ತನ್ನ ಪಕ್ಕದಲ್ಲೇ ಅತ್ತೆಗೊಂದು ಮಣೆ ಹಾಕಿದಳು.

"ನೇಮ ಹಿಡದವರು ನೀವರಿ ಅತ್ತಿ, ಬಾಯಿ ಬಿಡದ ನೇಮ. ಇವತ್ತಿಗಿ ಮುಗೀತು. ಬರ್ರಿ, ಉಣ್ಣೂಣು."