ದೊಡ್ಡ ಲೀಗಿನ ವಿಮಾನ

ಬಿಳಿ ವಿಮಾನ ಮತ್ತೆ ಇಳಿಯಿತು.

ಟೈರ್ ಅಂಗಡಿಯಲ್ಲಿ ಕುಳಿತೇ ಡೆಲ್ಮರ್ ಅದನ್ನು ಫೋನಿನಲ್ಲಿ ಪತ್ತೆ ಹಚ್ಚಿದ. ಯಾವ ವಿಮಾನ ಎಲ್ಲಿಂದ ಎಲ್ಲಿಗೆ ಹಾರುತ್ತಿದೆ ಎಂದು ತೋರಿಸುವ ಆಪ್ ಅದು. ಕ್ಯಾನ್ಸಸ್‌ನ ಆ ಭಾಗದ ಗಂಡಸರು ಈಚೆಗೆ ಹವಾಮಾನಕ್ಕಿಂತ ಹೆಚ್ಚಾಗಿ ಅದನ್ನೇ ನೋಡುತ್ತಿದ್ದರು. ವಿಮಾನ ದೊಡ್ಡ ಲೀಗಿನದು. ದೊಡ್ಡ ಲೀಗ್ ಎಂದರೆ ದೇಶವೆಲ್ಲ ಟೀವಿಯಲ್ಲಿ ನೋಡುವ ಕಾಲೇಜು ಫುಟ್‌ಬಾಲ್. ಅದು ಇಲ್ಲಿನ ಯಾವುದೋ ಕಾಲೇಜನ್ನು ಆ ಲೀಗಿಗೆ ಹಾರಿಸಿಕೊಂಡು ಹೋಗಲು ಬಂದಿದೆ.

ಯಾವುದೆಂದು ಕೇಳಬೇಕೆ? ವಿಮಾನ ನಿಲ್ದಾಣದಿಂದ ಎಡಕ್ಕೆ ಹೋದರೆ ಡೆಲ್ಮರ್ ಓದಿದ ಕೃಷಿ ಕಾಲೇಜು: ಸಗಣಿ ವಾಸನೆ, ತುಕ್ಕು ಹಿಡಿದ ಬೆಂಚು. ಬಲಕ್ಕೆ ಹೋದರೆ ವೆಸ್ಟ್‌ಫೀಲ್ಡ್ ಕಾಲೇಜು: ಕಲ್ಲಿನ ಗೋಪುರ, ವಕೀಲರ ಮಕ್ಕಳು. ಅಜ್ಜಂದಿರ ಕಾಲದಿಂದ ಎರಡೂ ಒಂದೇ ಬಡ ಲೀಗಿನಲ್ಲಿದ್ದವು. ಈಚೆಗೆ ಗೆಲ್ಲುತ್ತಿದ್ದುದು ಕೃಷಿ ಕಾಲೇಜು. ಮರ್ಯಾದೆ ಮಾತ್ರ ವೆಸ್ಟ್‌ಫೀಲ್ಡ್‌ಗೆ. ವೆಸ್ಟ್‌ಫೀಲ್ಡ್ ದೊಡ್ಡ ಲೀಗಿಗೆ ಹೊರಟುಹೋದರೆ ಕೃಷಿ ಕಾಲೇಜಿನ ಆಟ ನೋಡುವವರು ಯಾರು? ತಂಡವನ್ನೇ ಮುಚ್ಚುತ್ತಾರೆಂಬ ಮಾತೂ ಇತ್ತು.

ಡೆಲ್ಮರ್‌ನ ಅಕ್ಕ ನೋರಿನ್. ಅವಳ ಗಂಡ ರಾಯ್ಸ್ ವೆಸ್ಟ್‌ಫೀಲ್ಡ್‌ನ ಆಡಳಿತ ಮಂಡಳಿಯಲ್ಲಿದ್ದ. ಭಾನುವಾರ ಅವರ ಮನೆಯ ಊಟದಲ್ಲಿ ರಾಯ್ಸ್ ತಟ್ಟೆಯ ಮಾಂಸವನ್ನು ಸುಮ್ಮನೆ ಕೆದಕುತ್ತಿದ್ದ. ಖುಷಿಯನ್ನು ಬಚ್ಚಿಡುವವರ ಮುಖ ಹೀಗೇ ಇರುತ್ತದೆ ಎಂದುಕೊಂಡ ಡೆಲ್ಮರ್.

"ಏನ್ ಭಾವ, ವಿಮಾನ ಭಾರಿ ಓಡಾಡ್ತಿದೆ?"

"ನನ್ನೇನ್ ಕೇಳ್ತೀಯ? ನಿಂಗೇ ಗೊತ್ತಿರ್ಬೇಕು."

"ನಮ್ಗೆಲ್ಲ ಯಾರ್ ಹೇಳ್ತಾರೆ ಬಿಡಿ. ದನ ಕಾಯೋರು."

ರಾಯ್ಸ್ ಫೋರ್ಕ್ ಕೆಳಗಿಟ್ಟ. "ಒಂದ್ ಮಾತು ಡೆಲ್ಮರ್. ಯಾರ್ ಎಲ್ಲಿಗ್ ಹೋದ್ರೂ ನಮ್ ಎರಡ್ ಕಾಲೇಜಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮ್ಯಾಚ್ ಮಾತ್ರ ನಿಲ್ಬಾರ್ದು. ಅದೊಂದನ್ನ ಆಡ್ತಾ ಇರೋಣ."

ಭಿಕ್ಷೆ ಹಾಕುತ್ತಿದ್ದಾನೆ. ಡೆಲ್ಮರ್ ತಟ್ಟೆಯ ಆಲೂಗಡ್ಡೆಯನ್ನು ಫೋರ್ಕಿನಿಂದ ಹಿಸುಕಿದ.

"ಇಬ್ರೂ ಬಾಯ್ ಮುಚ್ಕೊಂಡ್ ತಿನ್ನಿ," ಎಂದಳು ನೋರಿನ್. "ಚೆಂಡು ಹಿಡ್ಕೊಂಡ್ ಓಡೋ ಹುಡುಗ್ರೇ ಇಷ್ಟ್ ತಲೆ ಕೆಡಿಸ್ಕೊಂಡಿಲ್ಲ."

ದೊಡ್ಡ ಲೀಗಿನದೊಂದು ಹಠ ಅಲ್ಲಿ ಎಲ್ಲರಿಗೂ ಗೊತ್ತು: ಸಹಿ ಬೀಳುವ ಮುನ್ನ ಸುದ್ದಿ ಹೊರಬಿದ್ದರೆ ಮಾತುಕತೆ ಅಲ್ಲಿಗೇ ಮುಗಿಯಿತು. ಸೋಮವಾರ ಡೆಲ್ಮರ್ ಪತ್ರಿಕೆಯ ಕ್ರೀಡಾ ವರದಿಗಾರನಿಗೆ ಫೋನ್ ಮಾಡಿ, ವಿಮಾನದ ನಂಬರು ಸಮೇತ ಎಲ್ಲವನ್ನೂ ಒಪ್ಪಿಸಿದ. ಬುಧವಾರ ಮುಖಪುಟದಲ್ಲಿ: ವೆಸ್ಟ್‌ಫೀಲ್ಡ್ ಹೊರಟಿತೇ? ಗುರುವಾರ ಲೀಗಿನ ಹೇಳಿಕೆ: ಕ್ಯಾನ್ಸಸ್‌ನ ಯಾವ ಕಾಲೇಜನ್ನೂ ಸೇರಿಸಿಕೊಳ್ಳುವ ವಿಚಾರ ಇನ್ನಿಲ್ಲ.

ಮುಂದಿನ ಭಾನುವಾರ ಡೆಲ್ಮರ್ ಬಿಯರ್ ಹಿಡಿದುಕೊಂಡು ಸಂತಾಪ ಸೂಚಿಸಲು ಹೋದ. ರಾಯ್ಸ್ ಆಗಲೇ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದ. ದುಃಖದಲ್ಲಿ ಕೆಲವರಿಗೆ ಹಸಿವು ಹೆಚ್ಚು.

"ಭಾವ, ಬೇಜಾರ್ ಮಾಡ್ಕೋಬೇಡಿ. ಪೇಪರ್‌ನೋರಿಗೆ ಹೇಳಿದ್ದು ನಾನೇ. ಹೊಟ್ಟೆ ಉರಿ ತಡ್ಕೊಳಕ್ ಆಗ್ಲಿಲ್ಲ. ಎಷ್ಟ್ ಬೇಕಾದ್ರೂ ಬೈರಿ."

ರಾಯ್ಸ್ ಎದ್ದು ಬಂದು ಅವನನ್ನು ಬಿಗಿಯಾಗಿ ಅಪ್ಪಿಕೊಂಡ.

"ಯಾಕಪ್ಪ ಬೈಲಿ? ಅವ್ರು ಕರ್ಕೊಂಡ್ ಹೋಗೋಕ್ ಬಂದಿದ್ದು ನಿಮ್ ಕಾಲೇಜನ್ನ."