ಜಗಳ ಬಿಡಿಸಲು ಬಂದವರು

ಎರಡನೆಯ ಕೊಡವೂ ಒಡೆದ ಮೇಲೆ ಚಂದ್ರಶೇಖರಯ್ಯನವರಿಗೆ ಅನುಮಾನ ಬಂತು.

ಮೊದಲನೆಯದು ತಿಮ್ಮಕ್ಕನ ಕೊಡ, ಎರಡನೆಯದು ಎದುರುಮನೆಯ ಮುನಿಲಕ್ಷ್ಮಮ್ಮನದು. ಚಾಮರಾಜಪೇಟೆಯ ಆ ವಠಾರದಲ್ಲಿ ಆರು ಸಂಸಾರಕ್ಕೆ ಅಂಗಳದ ಒಂದೇ ನಲ್ಲಿ. ಮಾತು ಬೆಳೆಯುವುದು ಹೊಸದಲ್ಲ. ಆದರೆ ಅಕ್ಕತಂಗಿಯರಂತಿದ್ದ ಇಬ್ಬರು ಹೀಗೆ ಸೋರುಗೊಡಗಳನ್ನೆತ್ತಿ ಗೋಡೆಗೆ ಅಪ್ಪಳಿಸಿದ್ದು ಇದೇ ಮೊದಲು.

"ಸರದಿ ಮುರಿದು ನಿನ್ ಕೊಡ ಮುಂದಕ್ಕೆ ಬಂತಲ್ಲೇ, ಅದಕ್ಕೇನು ಕಾಲು ಬಂದಿದ್ವಾ?"

"ನನ್ ಕೊಡಕ್ಕೆ ಕಾಲಿಲ್ಲ ಕಣೇ, ನಿನ್ ಬಾಯಿಗೆ ಬಾಗ್ಲಿಲ್ಲ!"

ಚೂರುಗಳು ಉರುಳುವುದು ನಿಲ್ಲುವ ಮೊದಲೇ ವಠಾರದ ಮಾಲೀಕ ರಾಮಾಂಜಿನಪ್ಪ ಬಾಗಿಲಲ್ಲಿದ್ದ. ಜರಿಪೇಟ, ಕೊರಳಲ್ಲಿ ಹಾರ, ಹಿಂದೆ ಗರಡಿಮನೆಯ ಇಬ್ಬರು ಪೈಲ್ವಾನರು, ಅವರ ಹಿಂದೆ ಅರ್ಧ ಬೀದಿ. ನಗರಸಭೆಯ ಚುನಾವಣೆಗೆ ನಿಂತು ಓಟು ಕೇಳಲು ಹೊರಟವನು ಅವನು.

"ಇಬ್ರೂ ನಲ್ಲಿಯಿಂದ ಹಿಂದಕ್ಕೆ ಸರೀರಿ! ನಡುವೆ ನನ್ನ ಹುಡುಗರು ನಿಲ್ತಾರೆ."

ಈ ಮಾತನ್ನು ಚಂದ್ರಶೇಖರಯ್ಯ ಆಗಲೇ ಓದಿದ್ದರು. ಅವರು ದಿನಪತ್ರಿಕೆಯೊಂದರ ಉಪಸಂಪಾದಕರು. ಇಸವಿ ೧೯೫೬, ನವೆಂಬರ್. ಈಜಿಪ್ಟಿಗೂ ಇಸ್ರೇಲಿಗೂ ಕಾಳಗ ಹತ್ತಿತ್ತು. ಇಬ್ಬರೂ ಸೂಯೆಜ್ ಕಾಲುವೆಯಿಂದ ಹಿಂದೆ ಸರಿಯಿರಿ, ನಡುವೆ ನಾವು ನಿಲ್ಲುತ್ತೇವೆ ಎಂದು ಬ್ರಿಟನ್ನು, ಫ್ರಾನ್ಸು ಸೇನೆ ಇಳಿಸಿದ್ದವು. ಅದನ್ನು ಯುದ್ಧ ಎನ್ನಲು ಲಂಡನ್ನಿಗೆ ನಾಲಿಗೆ ಹೊರಳುತ್ತಿರಲಿಲ್ಲ. 'ಈ ಜಗಳವೇ ಏರ್ಪಾಡಿನದಿರಬೇಕು. ಬಿಡಿಸುವ ನೆಪ, ಕಾಲುವೆಯ ಮೇಲೆ ಕೂರುವ ಹೂಟ' ಎಂದು ಚಂದ್ರಶೇಖರಯ್ಯ ಹಿಂದಿನ ದಿನವೇ ಬರೆದಿದ್ದರು. ಬರೆದದ್ದನ್ನೆಲ್ಲ ರಾಗವಾಗಿ ಹೆಂಡತಿಗೆ ಓದಿ ಹೇಳುವುದು ಅವರ ಪದ್ಧತಿ. ಗಿರಿಜಾಂಬಾ ಹೂಬತ್ತಿ ಹೊಸೆಯುತ್ತ, ಪುರಾಣ ಕೇಳುವ ಭಕ್ತಿಯಿಂದಲೇ ಕೇಳುತ್ತಿದ್ದಳು.

ಈಗ ಅದೇ ಕಥೆ ಅವರ ಅಂಗಳದಲ್ಲಿ!

ಅಂಗಳದ ಮೇಲೆ ರಾಮಾಂಜಿನಪ್ಪ ಕಣ್ಣಿಟ್ಟು ಬಹಳ ದಿನವಾಗಿತ್ತು. ಅಲ್ಲಿ ಅಂಗಡಿಸಾಲು ಎಬ್ಬಿಸಿದರೆ ಆರು ಮನೆಗೂ ಗಾಳಿಯಿಲ್ಲ, ಬೆಳಕಿಲ್ಲ. ಬಾಡಿಗೆದಾರರು ಒಪ್ಪಿರಲಿಲ್ಲ. ಆ ಸಿಟ್ಟಿಗೆ ಅವನು ಹೂಳು ತುಂಬಿದ ಹಿತ್ತಿಲ ಬಾವಿಯ ಕಡೆ ತಿರುಗಿಯೂ ನೋಡಿರಲಿಲ್ಲ.

"ಯಜಮಾನ್ರೇ, ನೀರಿದ್ದಿದ್ರೆ ನಾವ್ಯಾಕೆ ಕಚ್ಚಾಡ್ತಿದ್ವಿ?" ಮುನಿಲಕ್ಷ್ಮಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಬಾವಿ ಸತ್ತು ವರ್ಷವಾಯ್ತು."

ಜನ ರಾಮಾಂಜಿನಪ್ಪನ ಮುಖ ನೋಡಿದರು. ಎಲ್ಲರದೂ ಓಟಿನ ಮುಖ.

"ಬಾವಿ ಹೂಳು ಎತ್ತಿಸ್ತೀನಿ!" ಎಂದ ಅವನು, ಎದೆ ತಟ್ಟಿಕೊಂಡು. "ಹೆಣ್ಮಕ್ಕಳ ಕಣ್ಣೀರು ನೋಡೋಕಾಗಲ್ಲ ನನಗೆ. ಜಗಳ ನಿಲ್ಲೋವರೆಗೂ ನನ್ನ ಹುಡುಗರು ಇಲ್ಲೇ ಡೇರೆ ಹಾಕಿ ಕಾವಲಿರ್ತಾರೆ. ನಿಂತ ದಿನ ಒಂದು ಗೂಟಾನೂ ಬಿಡದೆ ಹೊರಡ್ತೀವಿ."

ಸಂಜೆಯೊಳಗೆ ಅಂಗಳದಲ್ಲಿ ಡೇರೆ ಎದ್ದಿತು. ಪೈಲ್ವಾನನೊಬ್ಬ ಹಗ್ಗ ಹಿಡಿದು ಅಂಗಳದ ಉದ್ದಗಲ ಅಳೆಯುತ್ತಿದ್ದ.

"ತಿಮ್ಮಕ್ಕನ ಕೈ ಬೆಚ್ಚಗೆ ಮಾಡಿದಾನೆ ಕಣೇ," ಎಂದು ಚಂದ್ರಶೇಖರಯ್ಯ ಪಿಸುಗುಟ್ಟಿದರು. "ಇಲ್ಲದಿದ್ರೆ ಅಷ್ಟು ಸರಿಯಾದ ಹೊತ್ತಿಗೆ ಹೆಂಗೆ ಬಂದ? ಅದರ ಮೇಲೆ ತನ್ನ ಭಾಷಣ ಪತ್ರಿಕೇಲಿ ಹಾಕ್ಬೇಕಂತೆ! ಬ್ರಿಟಿಷರನ್ನ ಬೈದ ಕೈಯಲ್ಲಿ ಇವನನ್ನ ಹೊಗಳಲಾ?"

"ಹೊಗಳ್ಬೇಡಿ," ಎಂದಳು ಗಿರಿಜಾಂಬಾ. "ಆಡಿದ ಮಾತು ಬರೀರಿ. ಒಂದೂ ಬಿಡ್ಬೇಡಿ. ಆ ಗೂಟದ ಮಾತೂ ಇರ್ಲಿ."

ಒಲ್ಲದ ಮನಸ್ಸಿನಿಂದ ಬರೆದರು. ಅಚ್ಚಾಯಿತು. ಓಟು ಕೇಳಲು ಹೋದಲ್ಲೆಲ್ಲ ರಾಮಾಂಜಿನಪ್ಪನಿಗೆ ಒಂದೇ ಪ್ರಶ್ನೆ: ಬಾವಿ ಎಲ್ಲಿಗೆ ಬಂತು? ಬೇರೆ ದಾರಿಯಿಲ್ಲದೆ ಕೂಲಿಯವರನ್ನು ಕರೆಸಿದ. ಸಾಲದ್ದಕ್ಕೆ ಪೈಲ್ವಾನರೂ ಲಂಗೋಟಿ ಬಿಗಿದು ಬಾವಿಗಿಳಿದರು.

ಇತ್ತ ಜಗಳ ಮಾತ್ರ ತಣ್ಣಗಾಗಲಿಲ್ಲ. ಬೆಳಿಗ್ಗೆ ತಿಮ್ಮಕ್ಕ ಶುರು ಮಾಡಿದರೆ ಸಂಜೆ ಮುನಿಲಕ್ಷ್ಮಮ್ಮ. ಡೇರೆಯ ಪಕ್ಕದಲ್ಲಿ ಇಟ್ಟಿಗೆಯ ಗಾಡಿ ಬಂದು ನಿಂತ ದಿನ ಚಂದ್ರಶೇಖರಯ್ಯ ಬರವಣಿಗೆ ಬಿಟ್ಟೆದ್ದರು. ಓಡಿಹೋಗಿ ಇಬ್ಬರಿಗೂ ಕೈಮುಗಿದರು.

"ಒಂದು ವಾರ ಬಾಯಿ ಮುಚ್ಕೊಳ್ರಮ್ಮಾ! ಅಂಗಳ ಹೋಗತ್ತೆ!"

"ನೀವು ನಡುವೆ ಬರ್ಬೇಡಿ ಸ್ವಾಮಿ," ತಿಮ್ಮಕ್ಕ ಸಿಡುಕಿದಳು. "ನಿಮ್ ಈಜಿಪ್ಟ್ ನೀವು ನೋಡ್ಕೊಳ್ಳಿ."

ಚಂದ್ರಶೇಖರಯ್ಯ ಅಂಗಳದ ಆಸೆಯನ್ನೇ ಬಿಟ್ಟರು.

ಬಾವಿಯಲ್ಲಿ ತಿಳಿನೀರು ಉಕ್ಕಿತು. ತಂದ ಇಟ್ಟಿಗೆಯ ಒಂದು ಪಾಲು ಕಟ್ಟೆಗೆ ಹೋಯಿತು. ಉಳಿದದ್ದು ಅಂಗಡಿಯ ಪಾಯಕ್ಕೆ ಕಾದಿತ್ತು. ಮರುದಿನ ರಾಮಾಂಜಿನಪ್ಪ ಜನರನ್ನು ಕಟ್ಟಿಕೊಂಡು ಬಾವಿ ತೋರಿಸಲು ಬಂದರೆ, ಹೊಸ ಕಟ್ಟೆಯ ಮೇಲೆ ಕೂತು ತಿಮ್ಮಕ್ಕ ಮುನಿಲಕ್ಷ್ಮಮ್ಮನಿಗೆ ಜಡೆ ಹಾಕುತ್ತಿದ್ದಳು.

"ಜಗಳ?" ಎಂದ ರಾಮಾಂಜಿನಪ್ಪ.

"ನಿಮ್ಮ ಪುಣ್ಯದಿಂದ ನಿಂತೋಯ್ತು ಯಜಮಾನ್ರೇ!" ಎಂದಳು ತಿಮ್ಮಕ್ಕ.

ಗಿರಿಜಾಂಬಾ ಪತ್ರಿಕೆ ಹಿಡಿದು ಹೊರಬಂದಳು. ಗೂಟದ ಮಾತನ್ನು ಗಂಡನದೇ ರಾಗದಲ್ಲಿ, ಎರಡೆರಡು ಸಲ, ಜನರೆದುರು ಓದಿದಳು. ಯಾರೋ ಚಪ್ಪಾಳೆ ತಟ್ಟಿದರು. ರಾಮಾಂಜಿನಪ್ಪ ಹಲ್ಲುಕಿರಿದು ಪೈಲ್ವಾನರತ್ತ ನೋಡಿದ. ಡೇರೆ ಕುಸಿಯಿತು. ಇಟ್ಟಿಗೆಯ ಗಾಡಿಯೂ ಬೀದಿಗಿಳಿಯಿತು.

ರಾತ್ರಿ ಊಟಕ್ಕೆ ಕೂತ ಚಂದ್ರಶೇಖರಯ್ಯ ನೆಮ್ಮದಿಯ ಉಸಿರುಬಿಟ್ಟರು. "ದೇವರು ದೊಡ್ಡವನು ಗಿರಿಜಾ. ಇನ್ನೆರಡು ದಿನ ಆ ಹೆಂಗಸರು ಕಚ್ಚಾಡಿದ್ದಿದ್ರೆ ಪಾಯ ತೋಡೇಬಿಡ್ತಿದ್ದ."

ಗಿರಿಜಾಂಬಾ ಸಾರು ಬಡಿಸುತ್ತಿದ್ದವಳು ಕತ್ತೆತ್ತಿ ಸೂರು ನೋಡಿದಳು.

"ಏನೂಂದ್ರೆ, ಚುನಾವಣೆಗೆ ಇನ್ನೂ ಹದಿನೈದು ದಿನ ಇದೆಯಲ್ವಾ?"

"ಇದೆ. ಯಾಕೆ?"

"ನಮ್ಮ ವಠಾರದ ಹೆಂಚೆಲ್ಲಾ ಸೋರ್ತಿದೆ. ಈ ಸಲ ತಿಮ್ಮಕ್ಕನ ಜೊತೆ ಜಗಳ ಆಡೋ ಸರದಿ ನಂದು."